ದಂಡೆಗೆ ಗಿಡ ಬಂತು, ಹಳ್ಳಕ್ಕೆ ಜೀವ ಬರುವುದು ಯಾವಾಗ?

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳದ ದಂಡೆ. ಐದಾರು ವರ್ಷದ ಹಿಂದೆ ನೆಟ್ಟ ಹೊಂಗೆ, ನೇರಳೆ ಈಗ ಆಳೆತ್ತರ ದಾಟಿವೆ. ಕಳೆದ ಬೇಸಿಗೆಯಲ್ಲಿ ಅಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಯಜಮಾನರೊಬ್ಬರು ಕೇಳಿದರು: "ಗಿಡ ಏನೋ ಬಂದ್ವು ಕಣಪ್ಪ, ಹಳ್ಳ ಎಲ್ಲಿ ಬಂತು?"

ಈ ಪ್ರಶ್ನೆ ಅವರೊಬ್ಬರದಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ, ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ನೀರು ನೋಡಲು ಜಿಲ್ಲೆಯ ಜನವೆಲ್ಲ ಹಿರಿಯೂರಿನ ದಾರಿ ಹಿಡಿದರು. ಅದರ ಬೆನ್ನಿಗೇ ವೇದಾವತಿಗೆ ನೀರು ತರುವ ಸಣ್ಣಪುಟ್ಟ ಹಳ್ಳಗಳ ಮಾತೂ ಶುರುವಾಯಿತು. ಮಳೆಗಾಲ ಬಂದರೆ ಒಂದಲ್ಲ ಒಂದು ಊರಿನಲ್ಲಿ ಹಳ್ಳದ ದಂಡೆಗೆ ಸಸಿ ನೆಡುತ್ತಾರೆ. ನೆಟ್ಟವರು ಎರಡು ಮಳೆಗಾಲ ಕಾದು ನೋಡುತ್ತಾರೆ, ನೀರು ಕಾಣದಿದ್ದರೆ ಕೈಬಿಡುತ್ತಾರೆ. ಹಾಗೆ ಕೈಬಿಡುವುದು ಯಾಕೆ ತಪ್ಪು ಅಂತ ತಿಳಿಯಬೇಕಾದರೆ, ಮರಕ್ಕೂ ಹಳ್ಳಕ್ಕೂ ಇರುವ ಸಂಬಂಧವನ್ನು ಬುಡದಿಂದ ನೋಡಬೇಕು.

## ಹಳ್ಳ ಅಂದರೆ ಏನೇನು ಸೇರಿದೆ

ನೀರು ಹರಿಯುವ ತಗ್ಗೊಂದನ್ನೇ ನಾವು ಹಳ್ಳ ಅನ್ನುತ್ತೇವೆ. ಆದರೆ ಅದರ ತಳದ ಮರಳು, ಕಲ್ಲು, ಅಲ್ಲಲ್ಲಿ ನೀರು ನಿಲ್ಲುವ ಮಡು, ಮರಳಿನ ಕೆಳಗೆ ಕಾಣದೆ ಸಾಗುವ ಒರತೆ ನೀರು, ಎರಡೂ ಬದಿಯ ದಂಡೆ, ಆ ದಂಡೆಯ ಗಿಡಮರ ಇವೆಲ್ಲ ಸೇರಿಯೇ ಹಳ್ಳ. ದಂಡೆಯಲ್ಲಿ ಬೇರು ನೀರಿನತ್ತ, ಕೊಂಬೆ ನೀರಿನ ಮೇಲೆ ಚಾಚಿ ನಿಂತ ಮರಗಳ ಪಟ್ಟಿಯನ್ನು ಈ ಲೇಖನದಲ್ಲಿ 'ದಂಡೆಕಾಡು' ಅಂತ ಕರೆಯುತ್ತೇನೆ. ನಮ್ಮ ಕಡೆ ಅದರಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ಈಚಲು ಇರುತ್ತವೆ. ಅವುಗಳ ಕೆಳಗೆ ಲಕ್ಕಿ, ಕೇದಗೆ, ಲಾವಂಚ, ನೀರಂಚಿಗೆ ಜೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮಲೆನಾಡಿನ ಹಳ್ಳದ ಅಳತೆಗೋಲು ಚಳ್ಳಕೆರೆಗೋ ಜಗಳೂರಿಗೋ ಹೊಂದುವುದಿಲ್ಲ. ನಮ್ಮಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೆಚ್ಚಿನ ಹಳ್ಳಗಳು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಹರಿದು ನಿಲ್ಲುತ್ತವೆ. ಹೀಗೆ ನಿಲ್ಲುವುದು ಅವುಗಳ ಹುಟ್ಟುಗುಣ, ರೋಗವೇನಲ್ಲ. ಹಾಗಾಗಿ ಇಲ್ಲಿ ಚೇತರಿಕೆ ಅಂದರೆ ವರ್ಷವಿಡೀ ಹರಿಯುವುದು ಅಂತ ತಿಳಿಯಬಾರದು. ನೀರು ಇರುವಷ್ಟು ದಿನ ಅದು ತಿಳಿಯಾಗಿ, ತಂಪಾಗಿ ಇರಬೇಕು. ಮಡುಗಳು ಮೊದಲಿಗಿಂತ ಹೆಚ್ಚು ದಿನ ನಿಲ್ಲಬೇಕು. ಒಳಗೆ ಬದುಕುವ ಜೀವಿಗಳು ಮರಳಬೇಕು. ಈ ಮೂರು ನಡೆದರೆ ಹಳ್ಳ ಚೇತರಿಸಿಕೊಳ್ಳುತ್ತಿದೆ.

## ಮೊದಲು ಬರುವುದು ನೆರಳು

ಮಧ್ಯಾಹ್ನ ಬಿಸಿಲಲ್ಲಿ ಇಟ್ಟ ಬಿಂದಿಗೆಯ ನೀರು ಮತ್ತು ಹೊಂಗೆ ನೆರಳಲ್ಲಿ ಇಟ್ಟ ಬಿಂದಿಗೆಯ ನೀರು ಬೇರೆ ಬೇರೆ ಅನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಿಂದಿಗೆಯ ವಿಷಯದಲ್ಲಿ ಅದು ಬಾಯಾರಿಕೆಯ ಮಾತು, ಹಳ್ಳದಲ್ಲಿ ಉಸಿರಿನ ಮಾತು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಮೀನು, ಹುಳು ಉಸಿರಾಡುವುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಗೆ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ಹೊತ್ತಿಗೆ, ಬಿಸಿಯಲ್ಲಿ ಜೀವಿಗಳ ಮೈಯ ಕೆಲಸ ಚುರುಕಾಗಿ ಅವಕ್ಕೆ ಇನ್ನೂ ಹೆಚ್ಚು ಉಸಿರು ಬೇಕಾಗುತ್ತದೆ. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ.

ಬಿಸಿಲಿನಿಂದ ಪಾಚಿಯೂ ಬೆಳೆಯುತ್ತದೆ. ಒಂದು ಮಟ್ಟದವರೆಗೆ ಅದು ಊಟವೇ. ಮಿತಿ ಮೀರಿದರೆ ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಬಳಸುತ್ತದೆ, ಕೊಳೆಯುವಾಗ ಮತ್ತಷ್ಟು ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಮಡುವಿನಲ್ಲಿ ಮೀನು ಬಾಯಿ ಮೇಲೆ ಮಾಡಿಕೊಂಡು ತೇಲುವುದು ಇದರಿಂದಲೂ ಇರಬಹುದು.

ಹಳ್ಳ ಕಿರಿದಿದ್ದರೆ ಎರಡು ದಂಡೆಯ ಕೊಂಬೆಗಳು ಬೇಗ ಒಂದನ್ನೊಂದು ಮುಟ್ಟುತ್ತವೆ. ನಾಲ್ಕೈದು ಅಡಿ ಅಗಲದ ತೊರೆಗೆ ಕೆಲವೇ ವರ್ಷಗಳಲ್ಲಿ ಮರದ ಚಪ್ಪರ ಬೀಳುತ್ತದೆ. ವೇದಾವತಿಯಂಥ ಅಗಲದ ಪಾತ್ರಕ್ಕೆ ಎಷ್ಟೇ ದೊಡ್ಡ ಮರವಾದರೂ ಅಂಚಿಗಷ್ಟೇ ನೆರಳು ಕೊಟ್ಟೀತು. ಗಿಡ ನೆಡುವ ಕೆಲಸವನ್ನು ಮೇಲುಗಡೆಯ ಸಣ್ಣ ತೊರೆಗಳಿಂದ ಶುರುಮಾಡಿ ಅಂತ ಬಲ್ಲವರು ಹೇಳುವುದು ಇದಕ್ಕೇ.

## ಉದುರಿದ ಎಲೆಯೇ ಹಳ್ಳದ ಅಡುಗೆಮನೆ

ಇದು ನನಗೆ ಅತ್ಯಂತ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮರದ ಚಪ್ಪರದ ಕೆಳಗಿನ ಸಣ್ಣ ತೊರೆಗೆ ಬಿಸಿಲು ಬೀಳದಿದ್ದರೆ ಪಾಚಿಯೂ ಹೆಚ್ಚು ಬೆಳೆಯುವುದಿಲ್ಲ. ಹಾಗಾದರೆ ಒಳಗಿನ ಜೀವಿಗಳಿಗೆ ಊಟ ಎಲ್ಲಿಂದ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬೇರ್ ಬ್ರೂಕ್ ಅನ್ನುವ ಕಾಡಿನ ತೊರೆಯಲ್ಲಿ ಸ್ಟುವರ್ಟ್ ಫಿಶರ್ ಮತ್ತು ಜೀನ್ ಲೈಕೆನ್ಸ್ ಇದನ್ನೇ ಲೆಕ್ಕ ಹಾಕಿ 1973ರಲ್ಲಿ ಪ್ರಕಟಿಸಿದರು. ತೊರೆಯ ಜೀವಜಾಲಕ್ಕೆ ಸಿಗುವ ಶಕ್ತಿಯಲ್ಲಿ ಶೇಕಡಾ 99ರಷ್ಟು ಸುತ್ತಲಿನ ಕಾಡಿನಿಂದ ಎಲೆ, ಕಡ್ಡಿ, ಕರಗಿ ಬಂದ ಸಾರದ ರೂಪದಲ್ಲಿ ಬರುತ್ತಿತ್ತು. ತೊರೆಯೊಳಗೇ ಬೆಳೆದ ಹಸಿರಿನ ಪಾಲು ಶೇಕಡಾ 1ಕ್ಕೂ ಕಡಿಮೆ. ಅದು ತಂಪು ದೇಶದ ಕಾಡು, ನಮ್ಮ ಬಯಲುಸೀಮೆಯ ಹಳ್ಳಕ್ಕೆ ಇದೇ ಅಂಕಿ ಹೊಂದುವುದಿಲ್ಲ. ನಮ್ಮಲ್ಲಿ ಬಿಸಿಲು ಜಾಸ್ತಿ, ಪಾಚಿಯ ಪಾಲೂ ಜಾಸ್ತಿ. ಆದರೂ ದಂಡೆಯ ಮರ ಹಳ್ಳಕ್ಕೆ ಉಣ್ಣಿಸುತ್ತದೆ ಅನ್ನುವ ಮೂಲ ಮಾತು ಎರಡೂ ಕಡೆ ಒಂದೇ.

ಒಣ ಎಲೆ ನೀರಿಗೆ ಬಿದ್ದ ಕೂಡಲೇ ಊಟವಾಗುವುದಿಲ್ಲ. ದೋಸೆಗೆ ರುಬ್ಬಿದ ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡುತ್ತೇವಲ್ಲ, ಹಾಗೆ ಎಲೆಯೂ ನೀರಿನಲ್ಲಿ ಹುದುಗಬೇಕು. ಮೊದಲು ಒಗರು ಸಾರ ಬಿಟ್ಟುಕೊಳ್ಳುತ್ತದೆ. ಆಮೇಲೆ ಶಿಲೀಂಧ್ರ, ಬ್ಯಾಕ್ಟೀರಿಯಾ ಎಲೆಗೆ ಅಂಟಿ, ಗಟ್ಟಿ ನಾರನ್ನು ಮೆದುಗೊಳಿಸುತ್ತವೆ. ಆಗ ಅದು ರುಚಿಯೂ ಪುಷ್ಟಿಯೂ ಇರುವ ಆಹಾರ. ಅದನ್ನು ಹರಿದು ತಿನ್ನುವ ಹುಳುಗಳಿವೆ. ನಮ್ಮಂಥ ಉಷ್ಣವಲಯದ ಹಳ್ಳಗಳಲ್ಲಿ ಆ ಕೆಲಸದಲ್ಲಿ ಏಡಿ, ಸೀಗಡಿಗಳಿಗೂ ದೊಡ್ಡ ಪಾಲಿದೆ. ಅವು ಹರಿದು ಉಳಿಸಿದ ಪುಡಿಯನ್ನು ಕೆಳಗಡೆ ಬಲೆ ಕಟ್ಟಿ ಕೂತ ಇನ್ನೊಂದು ಬಗೆಯ ಹುಳು ಸೋಸಿ ತಿನ್ನುತ್ತದೆ. ಆ ಹುಳುಗಳನ್ನು ಸಣ್ಣ ಮೀನು, ಕೊಡತಿ ಹುಳುವಿನ ಮರಿ, ಕಪ್ಪೆ ತಿನ್ನುತ್ತವೆ, ಮೀನಿಗೆ ಮಿಂಚುಳ್ಳಿ ಕಾದಿರುತ್ತದೆ.

ಹೀಗಾಗಿ ಯಾವ ಮರ ಅನ್ನುವುದು ಮುಖ್ಯ. ಅತ್ತಿಯಂಥ ಮೆದು ಎಲೆ ಬೇಗ ಹುದುಗುತ್ತದೆ, ಮತ್ತಿಯಂಥ ಗಡುಸು ಎಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡೂ ಇದ್ದರೆ ಹಳ್ಳದ ಉಗ್ರಾಣ ಬೇಗ ಖಾಲಿಯಾಗುವುದಿಲ್ಲ. ನೀಲಗಿರಿಯ ಎಲೆಯಲ್ಲಿ ಎಣ್ಣೆ ಮತ್ತು ಒಗರು ಹೆಚ್ಚು, ಅದನ್ನು ತಿನ್ನಲು ಹಳ್ಳದ ಜೀವಿಗಳು ಹಿಂಜರಿಯುತ್ತವೆ. ಒಂದೇ ಜಾತಿಯ ಸಾಲು ನೆಟ್ಟರೆ ನೆರಳು ಸಿಕ್ಕೀತು, ಬಗೆಬಗೆಯ ಊಟ ಸಿಗುವುದಿಲ್ಲ.

## ಬೇರು ಹಿಡಿಯುವುದು ಮಣ್ಣನ್ನು ಮಾತ್ರವಲ್ಲ

ದಾವಣಗೆರೆ ಮೆಕ್ಕೆಜೋಳದ ಸೀಮೆ. ಉಳುಮೆ ಹಳ್ಳದ ಅಂಚಿನವರೆಗೂ ಹೋದರೆ ಒಂದು ಜೋರು ಮಳೆಗೆ ಮೇಲ್ಮಣ್ಣು ನೇರ ಹಳ್ಳಕ್ಕೆ. ಕೆಂಪು ನೀರು ಹರಿದುಹೋದ ಮೇಲೆ ಹೂಳು ಕಲ್ಲಿನ ಸಂದಿಗಳನ್ನು ತುಂಬಿಕೊಳ್ಳುತ್ತದೆ. ಆ ಸಂದಿಗಳೇ ಹುಳು, ಮರಿಮೀನುಗಳ ಮನೆ. ಸಿಮೆಂಟ್ ಬಳಿದ ನೆಲದ ಹಾಗೆ ತಳ ಮುಚ್ಚಿಹೋದರೆ ಅವಕ್ಕೆ ಇರಲು ಜಾಗವಿಲ್ಲ, ಮೊಟ್ಟೆ ಇಡಲೂ ಜಾಗವಿಲ್ಲ. ದಂಡೆಯ ಹುಲ್ಲು, ಪೊದೆ, ಬಿದ್ದ ಎಲೆಯ ಹಾಸು ಹರಿದು ಬರುವ ನೀರಿನ ವೇಗ ಮುರಿಯುತ್ತವೆ, ಹೂಳು ಅಲ್ಲೇ ಕೂರುತ್ತದೆ. ಆಳದ ಬೇರು ದಂಡೆ ಕುಸಿಯದಂತೆ ಹೆಣೆದು ಹಿಡಿಯುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕೆಲಸ ಮಣ್ಣಿನೊಳಗೆ ನಡೆಯುತ್ತದೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗೆ, ಚನ್ನಗಿರಿಯ ಅಡಿಕೆ ತೋಟಕ್ಕೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ನೀರಿನಲ್ಲಿ ಕರಗಿ ಕೆಳಗಿಳಿದು ಹಳ್ಳದತ್ತ ಸಾಗುತ್ತದೆ. ದಂಡೆಯ ತೇವದ ಮಣ್ಣಿನಲ್ಲಿ ಗಾಳಿ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದಾಗ ನೈಟ್ರೇಟ್‌ನಿಂದಲೇ ಉಸಿರಾಡುತ್ತವೆ. ಆಗ ನೈಟ್ರೇಟ್ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಊಟ, ಕೊಳೆತ ಬೇರು ಮತ್ತು ಎಲೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮೆಕ್ಕೆಜೋಳದ ಹೊಲ ಮತ್ತು ಅದರ ಕೆಳಗಿನ ದಂಡೆಕಾಡನ್ನು ಪೀಟರ್‌ಜಾನ್, ಕಾರೆಲ್ ಅನ್ನುವ ವಿಜ್ಞಾನಿಗಳು ಅಳೆದು 1984ರಲ್ಲಿ ಬರೆದರು. ಹೊಲದಿಂದ ಇಳಿದ ಸಾರಜನಕದ ಬಹುಪಾಲು ದಂಡೆಕಾಡಿನಲ್ಲೇ ಉಳಿದುಹೋಗುತ್ತಿತ್ತು. ಒಂದು ಷರತ್ತಿದೆ. ನೀರು ಬೇರಿನ ಮಣ್ಣಿನೊಳಗೇ ಹಾಯಬೇಕು. ಬಸಿಗಾಲುವೆ ತೋಡಿ ನೇರ ಹಳ್ಳಕ್ಕೆ ಬಿಟ್ಟರೆ ಎಷ್ಟು ಮರವಿದ್ದರೂ ಈ ಸೋಸುವ ಕೆಲಸ ನಡೆಯುವುದಿಲ್ಲ.

## ಕೆಲವು ಕಡೆ ಮೊದಲು ಕೆಡುತ್ತದೆ

ಮರ ಬೆಳೆದ ಮೇಲೆ ದಂಡೆ ಕೊರೆಯತೊಡಗಿದರೆ ಗಾಬರಿಯಾಗುವುದು ಸಹಜ. ನ್ಯೂಜಿಲೆಂಡ್‌ನಲ್ಲಿ ಇದನ್ನು ಚೆನ್ನಾಗಿ ಗಮನಿಸಿದ್ದಾರೆ. ಹುಲ್ಲುಗಾವಲಿನ ತೊರೆಯಲ್ಲಿ ಹುಲ್ಲು ಎರಡೂ ಬದಿಯಿಂದ ಒತ್ತಿ ಬಂದು, ಮಣ್ಣು ಹಿಡಿದು, ತೊರೆಯನ್ನು ಕಿರಿದು ಮಾಡಿರುತ್ತದೆ. ಮರದ ನೆರಳು ಬಿದ್ದಾಗ ಆ ಹುಲ್ಲು ಸಾಯುತ್ತದೆ, ಅದು ಹಿಡಿದಿದ್ದ ಮಣ್ಣು ಸಡಿಲವಾಗಿ ಕೆಲವು ವರ್ಷ ನೀರು ಕದಡುತ್ತದೆ. ತೊರೆ ತನ್ನ ಹಳೆಯ ಅಗಲಕ್ಕೆ ಮರಳುವ ದಾರಿ ಇದು. ಪೆನ್ಸಿಲ್ವೇನಿಯಾದಲ್ಲಿ ಸ್ಟ್ರೌಡ್ ಜಲ ಸಂಶೋಧನಾ ಕೇಂದ್ರದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಕಾಡಿನ ತೊರೆಗಳು ಕಾಡಿಲ್ಲದ ತೊರೆಗಳಿಗಿಂತ ಅಗಲವಾಗಿದ್ದವು. ಅಗಲ ಹೆಚ್ಚಾದರೆ ಜೀವಿಗಳಿಗೆ ತಳದ ಜಾಗವೂ ಹೆಚ್ಚು.

ನಮ್ಮ ಹಳ್ಳದ ದಂಡೆಗಳಲ್ಲಿ ಕುರಿ ಮೇಕೆ ಮೇಯ್ದು ಹುಲ್ಲೇ ಉಳಿದಿರುವುದಿಲ್ಲ, ಹಾಗಾಗಿ ಇಲ್ಲಿ ಇದು ಅಷ್ಟಾಗಿ ಕಾಣಲಾರದು. ಜೊಂಡು, ಹುಲ್ಲು ದಟ್ಟವಾಗಿರುವ ಕಾಲುವೆ ಬದಿಯ ಹಳ್ಳಗಳಲ್ಲಿ ಕಂಡರೆ ಮರ ಕಡಿಯುವ ತೀರ್ಮಾನಕ್ಕೆ ಬರುವುದು ಬೇಡ.

## ಜೀವಿಗಳು ಕೊನೆಗೆ ಬರುವುದು ಯಾಕೆ

ಮನೆ ಕಟ್ಟಿದ ಮಾತ್ರಕ್ಕೆ ಒಕ್ಕಲು ಬರುವುದಿಲ್ಲ. ಬರುವವರು ಎಲ್ಲಾದರೂ ಹತ್ತಿರದಲ್ಲಿ ಇರಬೇಕು, ಅಲ್ಲಿಂದ ಇಲ್ಲಿಗೆ ದಾರಿ ಇರಬೇಕು.

ಕೊಡತಿ ಹುಳುವಿಗೆ ರೆಕ್ಕೆಯಿದೆ, ಮೊದಲ ಮಳೆಗಾಲದಲ್ಲೇ ಬಂದು ಮೊಟ್ಟೆಯಿಡುತ್ತದೆ. ಕಲ್ಲಿನಡಿ ಬದುಕುವ ನಾಜೂಕು ಹುಳುಗಳು ರೆಕ್ಕೆ ಬಂದ ಮೇಲೆ ಕೆಲವೇ ಗಂಟೆಯೋ ದಿನವೋ ಬದುಕುತ್ತವೆ, ದೂರ ಹಾರಲಾರವು. ಏಡಿ ತೇವವಿದ್ದಾಗ ನಡೆದು ಬರುತ್ತದೆ. ಮೀನಿಗೆ ಕೆಳಗಿನ ಕೆರೆಯಿಂದ ಮೇಲಿನ ಮಡುವಿನವರೆಗೆ ನೀರಿನ ದಾರಿ ಬೇಕು, ನಡುವೆ ಎತ್ತರದ ಚೆಕ್ ಡ್ಯಾಂ ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಇವೆಲ್ಲ ಉಳಿಯುವುದು ನೆರಳಿನ ಮಡುಗಳಲ್ಲಿ, ದಂಡೆಯ ಬಿಲಗಳಲ್ಲಿ, ತೇವದ ಮರಳಿನ ಆಳದಲ್ಲಿ. ಮರಳು ತೆಗೆದ ಹಳ್ಳದಲ್ಲಿ ಆ ಕೊನೆಯ ಆಸರೆಯೂ ಇರುವುದಿಲ್ಲ. ದಂಡೆಗೆ ಸಾವಿರ ಗಿಡ ನೆಟ್ಟು ತಳದ ಮರಳು ಸಾಗಿಸುವುದು ಒಟ್ಟಿಗೆ ನಡೆದರೆ ಗಿಡದ ಶ್ರಮ ವ್ಯರ್ಥವಾಗುತ್ತದೆ.

ನ್ಯೂಜಿಲೆಂಡ್‌ನಲ್ಲಿ 2ರಿಂದ 24 ವರ್ಷದ ಒಂಬತ್ತು ದಂಡೆ ನೆಡುತೋಪುಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ನೀರು ತಿಳಿಯಾಗುವುದು, ದಂಡೆ ಗಟ್ಟಿಯಾಗುವುದು ಬೇಗ ಕಂಡವು. ಹುಳುಗಳ ಬಳಗ ಮಾತ್ರ ಕಾಡಿನ ತೊರೆಯ ಬಳಗದಂತೆ ಎಲ್ಲ ಕಡೆ ಆಗಿರಲಿಲ್ಲ. ನಾರ್ತ್ ಕ್ಯಾರೊಲಿನಾದ ತೊರೆಗಳ ಬಗ್ಗೆ 1998ರಲ್ಲಿ ಬಂದ ಅಧ್ಯಯನ ಇನ್ನೂ ಕಟುವಾಗಿದೆ. ಅಲ್ಲಿ ಇಂದಿನ ಹುಳು, ಮೀನುಗಳ ವೈವಿಧ್ಯವನ್ನು ಈಗಿನ ಕಾಡಿಗಿಂತ 1950ರ ದಶಕದಲ್ಲಿ ಆ ನೆಲ ಹೇಗಿತ್ತು ಅನ್ನುವುದೇ ಚೆನ್ನಾಗಿ ಸೂಚಿಸುತ್ತಿತ್ತು. ಮರ ಬಂದು ದಶಕಗಳಾದರೂ ಹಳೆಯ ಉಳುಮೆಯ ಗಾಯ ತಳದಲ್ಲಿ ಉಳಿದಿತ್ತು.

ಎಲ್ಲಕ್ಕಿಂತ ತಡವಾಗಿ ಬರುವುದು ಬಿದ್ದ ಮರ. ಮುದಿ ಮರದ ಕೊಂಬೆ, ಬೊಡ್ಡೆ ಹಳ್ಳಕ್ಕೆ ಬಿದ್ದರೆ ಅದರ ಹಿಂದೆ ಎಲೆ ಸೇರುತ್ತದೆ, ಮುಂದೆ ಗುಂಡಿ ಕೊರೆದು ಮಡುವಾಗುತ್ತದೆ. ನೆಟ್ಟ ಗಿಡ ಮುದಿಯಾಗಲು ಒಂದು ತಲೆಮಾರೇ ಬೇಕು. ಸೌದೆಗೆ ಒಯ್ಯುವವರು ಒಂದೆರಡು ಬೊಡ್ಡೆಯನ್ನಾದರೂ ಅಲ್ಲೇ ಬಿಟ್ಟರೆ ಹಳ್ಳಕ್ಕೆ ದೊಡ್ಡ ಉಪಕಾರ.

## ಮರವೇ ನೀರು ಕುಡಿದುಬಿಡುವುದಿಲ್ಲವೇ?

ಕುಡಿಯುತ್ತದೆ. ಇದನ್ನು ಮುಚ್ಚಿಡಬಾರದು. ಬಾಷ್ ಮತ್ತು ಹ್ಯೂಲೆಟ್ 1982ರಲ್ಲಿ ಜಗತ್ತಿನ 94 ಜಲಾನಯನ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಮರದ ಹೊದಿಕೆ ಕಡಿಮೆಯಾದರೆ ಹೊರಹರಿವು ಹೆಚ್ಚುತ್ತದೆ, ಮರ ಹೆಚ್ಚಿದರೆ ಹರಿವು ಇಳಿಯುತ್ತದೆ ಅನ್ನುವುದೇ ಸಾಮಾನ್ಯವಾಗಿ ಕಂಡಿತು. ಗಿಡ ನೆಟ್ಟರೆ ಹಳ್ಳ ತುಂಬಿ ಹರಿಯುತ್ತದೆ ಅಂತ ಮಾತು ಕೊಡುವವರು ಇದನ್ನು ಜನಕ್ಕೆ ಹೇಳಬೇಕು.

ಹಾಗಂತ ಎಲ್ಲ ಮರವೂ ಒಂದೇ ಅಲ್ಲ. ಇಡೀ ಗುಡ್ಡಕ್ಕೆ ದಟ್ಟ ನೆಡುತೋಪು ಹಾಕುವುದು ಬೇರೆ, ಹಳ್ಳದಂಚಿಗೆ ಒಂದು ಪಟ್ಟಿ ಬೆಳೆಸುವುದು ಬೇರೆ. ಪಟ್ಟಿಯ ಮರ ಕುಡಿಯುವ ಜೊತೆಗೆ, ನೆರಳಿನಿಂದ ಮಡುವಿನ ನೀರು ಆವಿಯಾಗುವುದನ್ನು ತಗ್ಗಿಸುತ್ತದೆ, ಬೇರಿನ ದಾರಿಯಲ್ಲಿ ಮಳೆ ನೀರನ್ನು ಮಣ್ಣಿಗಿಳಿಸುತ್ತದೆ. ಕೊನೆಗೆ ಲಾಭವೋ ನಷ್ಟವೋ ಅನ್ನುವುದು ಮಣ್ಣು, ಮಳೆ, ಮರದ ಜಾತಿಯ ಮೇಲೆ ನಿಂತಿದೆ.

ನಮ್ಮ ಹಳ್ಳಗಳನ್ನು ಈಗಾಗಲೇ ತುಂಬಿರುವ ಮರವೊಂದಿದೆ: ಬಳ್ಳಾರಿ ಜಾಲಿ. ಹೊರಗಿನಿಂದ ಬಂದದ್ದು, ಆಳಕ್ಕೆ ಬೇರು ಬಿಡುತ್ತದೆ, ಪಾತ್ರದೊಳಗೇ ನುಗ್ಗಿ ಬೆಳೆದು ನೀರಿನ ದಾರಿ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಹಸಿರೇ, ಆದರೆ ಅದನ್ನು ದಂಡೆಕಾಡು ಅನ್ನಲಾಗದು. ದಕ್ಷಿಣ ಆಫ್ರಿಕಾ 1995ರಲ್ಲಿ 'ವರ್ಕಿಂಗ್ ಫಾರ್ ವಾಟರ್' ಅನ್ನುವ ಸರ್ಕಾರಿ ಯೋಜನೆ ಶುರುಮಾಡಿ ಹೊಳೆಯಂಚಿನ ಇಂಥ ಪರದೇಶಿ ಮರಗಳನ್ನು ಕೂಲಿ ಕೊಟ್ಟು ಕಡಿಸುತ್ತಿದೆ. ನಮ್ಮಲ್ಲಿ ಜಾಲಿಯನ್ನು ಒಂದೇ ಸಲ ಬುಲ್ಡೋಜರ್ ಹಾಕಿ ಕಿತ್ತರೆ ಬೆತ್ತಲಾದ ದಂಡೆ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ತುಂಡು ತುಂಡಾಗಿ ತೆಗೆದು, ಖಾಲಿಯಾದಲ್ಲಿ ಲಕ್ಕಿ, ಲಾವಂಚ, ಹೊಂಗೆ ಹಿಡಿಸುತ್ತ ಹೋಗುವುದು ನಿಧಾನದ ಕೆಲಸ, ಆದರೆ ಉಳಿಯುವ ಕೆಲಸ.

## ಎಷ್ಟು ಅಗಲ ಬೇಕು, ಯಾರ ಹೊಲದಲ್ಲಿ

ಸ್ಟ್ರೌಡ್ ಕೇಂದ್ರದ ಸ್ವೀನಿ ಮತ್ತು ನ್ಯೂಬೋಲ್ಡ್ 2014ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಸಣ್ಣ ತೊರೆಗೆ ಪ್ರತಿ ದಂಡೆಯಲ್ಲೂ ಕನಿಷ್ಠ 30 ಮೀಟರ್ ಕಾಡು ಬೇಕು ಅಂದರು. 30 ಮೀಟರ್ ಅಂದರೆ ಹತ್ತಿರಹತ್ತಿರ 100 ಅಡಿ. ಹಳ್ಳದುದ್ದಕ್ಕೂ 200 ಅಡಿ ಅಂಚಿರುವ ಎರಡೆಕರೆ ರೈತನ ಲೆಕ್ಕ ಹಾಕಿ: ಸುಮಾರು 18 ಗುಂಟೆ ಬಿಟ್ಟುಕೊಡಬೇಕು. ಎರಡೆಕರೆಯಲ್ಲಿ ಅರ್ಧ ಎಕರೆಗೆ ಸ್ವಲ್ಪವೇ ಕಡಿಮೆ. ಇದನ್ನು ಅವರಿಂದ ಕೇಳುವುದು ನ್ಯಾಯವೂ ಅಲ್ಲ, ಆಗುವ ಮಾತೂ ಅಲ್ಲ. 10 ಮೀಟರ್ ಆದರೆ 6 ಗುಂಟೆ. ಅಷ್ಟರಲ್ಲೇ ನೆರಳು, ಎಲೆ, ದಂಡೆಯ ಬಲ ಇವುಗಳ ದೊಡ್ಡ ಪಾಲು ಸಿಗುತ್ತದೆ. ನೈಟ್ರೇಟ್, ಹೂಳು ಸೋಸುವುದಕ್ಕೆ ಮಾತ್ರ ಅಗಲ ಹೆಚ್ಚಿದಷ್ಟೂ ಒಳ್ಳೆಯದು. ಹೊಂಗೆ ಬೀಜ, ನೇರಳೆ ಹಣ್ಣು, ಬಿದಿರು ಮಾರಿ ಕಾಸು ಬರುವಂತಿದ್ದರೆ ಆ 6 ಗುಂಟೆ ಉಳಿಯುತ್ತದೆ. ಅಗಲದಷ್ಟೇ ಉದ್ದವೂ ಮುಖ್ಯ, ಮೇಲಿನ ಹೊಲದವರು ಬಿಡದಿದ್ದರೆ ಕೆಳಗಿನವರ ತುಂಡಿಗೆ ಬಿಸಿ ನೀರು, ಕೆಂಪು ನೀರೇ ಬರುತ್ತದೆ.

## ಚೇತರಿಕೆ ಗೊತ್ತಾಗುವುದು ಹೇಗೆ

ದೊಡ್ಡ ಉಪಕರಣ ಬೇಡ. ಹರಿವು ನಿಂತ ಮೇಲೆ ಮಡುವಿನಲ್ಲಿ ಯಾವ ತಾರೀಖಿನವರೆಗೆ ನೀರಿತ್ತು ಅಂತ ವರ್ಷ ವರ್ಷ ಬರೆದಿಡಿ. ಗಿಡ ನೆಟ್ಟ ಜಾಗದಲ್ಲಿ, ನೆಡದ ಜಾಗದಲ್ಲಿ ಒಂದೇ ಮಧ್ಯಾಹ್ನ ನೀರಿಗೆ ಥರ್ಮಾಮೀಟರ್ ಇಡಿ. ಆಮೇಲೆ ಮುಷ್ಟಿಗಿಂತ ದೊಡ್ಡ ಕಲ್ಲೊಂದನ್ನು ನೀರಿನಿಂದ ಎತ್ತಿ, ಬಿಳಿ ತಟ್ಟೆಯ ಮೇಲೆ ಮಗುಚಿ ನೋಡಿ. ಕೆಂಪು ದಾರದ ತುಣುಕಿನಂಥ ಹುಳುಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆಯಿರುವ ನೀರು ಅಂತ ತಿಳಿಯಿರಿ, ಅವು ಅಂಥಲ್ಲೂ ಬದುಕಬಲ್ಲವು. ಚಪ್ಪಟೆ ಮೈ, ಹೊಟ್ಟೆಯ ಪಕ್ಕ ಅಲುಗುವ ಕಿವಿರು, ಹಿಂದೆ ಎರಡು ಮೂರು ಎಳೆ ಬಾಲವಿರುವ ಮರಿ ಕಂಡರೆ ಸಂತೋಷಪಡಿ. ಮರಳಿನ ಕಣವನ್ನೋ ಎಲೆಯ ಚೂರನ್ನೋ ಅಂಟಿಸಿ ಕೊಳವೆ ಕಟ್ಟಿಕೊಂಡ ಹುಳು ಸಿಕ್ಕರೆ ಇನ್ನೂ ಒಳ್ಳೆಯ ಸುದ್ದಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ವಾಪಸ್ ಇಡಿ.

ಡಿಸೆಂಬರ್‌ನಲ್ಲಿ ಆ ಹೊಸದುರ್ಗದ ಹಳ್ಳಕ್ಕೆ ಮತ್ತೆ ಹೋಗಿದ್ದೆ. ಹರಿವು ನಿಂತಿತ್ತು, ಹೊಂಗೆಯ ಕೆಳಗಿನ ಮಡುವಿನಲ್ಲಿ ಮೊಣಕಾಲುದ್ದ ನೀರಿತ್ತು. ಅದೇ ಯಜಮಾನರು ಕುರಿ ಬಿಟ್ಟುಕೊಂಡು ಬಂದಿದ್ದರು. ಕಲ್ಲು ಮಗುಚಿ ಬಾಲದ ಮರಿಯನ್ನು ತೋರಿಸಿದೆ. ಬಗ್ಗಿ ನೋಡಿ, "ಇದು ನಂಗೊತ್ತಿಲ್ಲ, ಬಾ ಇಲ್ಲಿ" ಅಂತ ನನ್ನನ್ನು ನೇರಳೆ ಗಿಡದ ಬುಡಕ್ಕೆ ಕರೆದೊಯ್ದರು. ಬೇರಿನ ಸಂದಿಯಲ್ಲಿ ಒಂದು ಬಿಲ, ಅದರ ಬಾಯಿಗೆ ಇನ್ನೂ ಹಸಿಯಾಗಿದ್ದ ಮಣ್ಣಿನ ಸಣ್ಣ ಉಂಡೆಗಳು. "ಏಡಿ" ಅಂದರು. "ನಾನು ಹುಡುಗ ಆಗಿದ್ದಾಗ ನೋಡಿದ್ದು."